ಮೂಲೆಯಲ್ಲಿ ಹಿಡಿದ ಚೆಂಡು

ಅಣ್ಣನ ತಿಥಿ ಮುಗಿಸಿ ಅವನ ಹಳೆಯ ಬೂಟು ಎತ್ತಿಡುವಾಗ, ಹೊಸದುರ್ಗದ ಮೈದಾನದ ಕೆಂಪು ಧೂಳಿನ ವಾಸನೆ ಬಂತು.

ವರ್ಷಗಳ ಹಿಂದೆ ಅಲ್ಲಿ ಅಣ್ಣ ಆಡಿದ ಫುಟ್‌ಬಾಲ್ ಫೈನಲ್. ನಮ್ಮೂರಿನವರು ಒಂದೇ ಗೋಲು ಮುಂದಿದ್ದರು. ಆಟ ಮುಗಿಯುವ ಹೊತ್ತಿಗೆ ಹೆದರಿ ಎಲ್ಲರೂ ನಮ್ಮ ಗೋಲಿನ ಮುಂದೆ ಗುಂಪುಗೂಡಿದರು. ಮೈದಾನದ ಅಂಚಿನಲ್ಲಿ ನಿಂತಿದ್ದ, ಕುರಿ ಕಾಯುವ ತಾತ ಗದರಿದರು:

"ಲೇ, ತೋಳ ಕಂಡ ಕುರಿ ಥರ ಮುದುರ್ಕಂಡ್ರೆ ತೋಳಕ್ಕೇ ಸಲೀಸು! ಚೆಂಡು ಅವ್ರ ಮೂಲೆಗೆ ಒಯ್ದು, ಹೊತ್ತು ಮುಗಿಯೋಗಂಟ ಕಾಲಡಿ ಹಿಡ್ಕಳ್ರಿ!"

ಅಣ್ಣ ಚೆಂಡನ್ನು ದೂರದ ಮೂಲೆಗೆ ಒಯ್ದು, ಎದುರಾಳಿಗಳಿಗೆ ಬೆನ್ನು ಕೊಟ್ಟು ನಿಂತ. ಆಗ ಸುಳಿಗಾಳಿ ಎದ್ದು ಅವನನ್ನು ಮುಚ್ಚಿತು. ಧೂಳಿನೊಳಗೆ ನುಗ್ಗಿದವರೆಲ್ಲ ಚೆಂಡು ಸಿಗದೆ ಹೊರಬಂದರು.

ಆಟ ಮುಗಿದ ಸೀಟಿ ಮೊಳಗಿತು. ಗಾಳಿ ಇಳಿಯಿತು. ಎಲ್ಲರೂ ಕುಣಿಯುತ್ತಿದ್ದರೂ ಅಣ್ಣ ಮಣ್ಣಿನ ಬೊಂಬೆಯಂತೆ ಕಣ್ಣು ಮುಚ್ಚಿ ನಿಂತೇ ಇದ್ದ. ಓಡಿಹೋಗಿ ಮುಟ್ಟಿದೆ. ಆ ಬಿಸಿಲಲ್ಲೂ ಅವನ ಕೈ ತಣ್ಣಗಿತ್ತು.

"ಇನ್ನೂ ಎಷ್ಟೊತ್ತು ಹಿಡ್ಕಳ್ಲಿ?" ಎಂದ.

"ಮುಗೀತು ಕಣಣ್ಣ, ಬಿಡು," ಅಂದೆ.

ಆಮೇಲೆಯೇ ಚೆಂಡಿನ ಮೇಲಿದ್ದ ಕಾಲು ತೆಗೆದ.