ಎರಡು ಊಟ, ಒಂದು ಸೊಂಟ

ಭಾನುವಾರ ಮಧ್ಯಾಹ್ನ ಗಂಡ ಗೊರಕೆಗೆ ಇಳಿದದ್ದೇ ತಡ, ಟೈಲರಕ್ಕ ಅವನ ಬೆನ್ನಡಿಯಿಂದ ಅಳತೆಯ ಟೇಪು ತೂರಿಸಿದಳು. ಹೊಟ್ಟೆಯ ಮೇಲೆ ಎರಡು ತುದಿ ಕೂಡಿಸಿ, ಉಸಿರು ಬಿಗಿಹಿಡಿದು ಬಗ್ಗಿ ನೋಡಿದಳು. ಮೂವತ್ತನಾಲ್ಕು.

"ಏನೇ ಇದು?" ಗಂಡ ಒಂದೇ ಕಣ್ಣು ತೆರೆದ.

"ಹೊಸ ಪ್ಯಾಂಟು ಹೊಲೀತೀನಿ ರೀ. ಮಲ್ಕೊಳ್ಳಿ."

"ಮಲಗಿದವನ ಅಳತೆ ತಗೊಂಡು?"

"ನಿಂತ್ರೆ ಹೊಟ್ಟೆ ಒಳಗೆ ಎಳ್ಕೋತೀರಿ. ನನಗೆ ನಿಜ ಬೇಕು."

ಅವನು ನಕ್ಕು ಮಗ್ಗುಲಾದ. ಅವಳಿಗೆ ನಗು ಬರಲಿಲ್ಲ. ಅಳೆದು ನೋಡು ಎಂದು ಫೋನಿನಲ್ಲಿ ಹೇಳಿಕೊಟ್ಟವಳು ತಂಗಿ. "ಭಾವನೇ ಎರಡೂ ಊಟ ಹೊಡೀತಿರ್ಬಹುದಲ್ಲೇ ಅಕ್ಕಾ? ಊರವರ ಸೊಂಟವೆಲ್ಲ ಅಳೀತೀಯ, ಮನೇದೂ ಒಂದ್ಸಲ ಅಳೆ." ಮಧ್ಯಾಹ್ನವೊಂದಕ್ಕೇ ಎರಡು ಊಟ ಉಂಡವನ ಸೊಂಟ ತಿಂಗಳಲ್ಲಿ ಅರ್ಧ ಇಂಚಾದರೂ ಹಿಗ್ಗಬೇಕಿತ್ತು. ನೂಲಿನಷ್ಟೂ ಹಿಗ್ಗಿರಲಿಲ್ಲ. ಅಲ್ಲಿಗೆ ಎರಡನೆಯ ಊಟ ಇನ್ಯಾವುದೋ ಹೊಟ್ಟೆ ಸೇರುತ್ತಿತ್ತು.

ಎಲ್ಲ ಶುರುವಾದದ್ದು ದಯೆಯಿಂದ. ಗಂಡ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಗಾಜು ಕೂರಿಸುವವನು. ಇಪ್ಪತ್ತೆರಡು ವರ್ಷ ಅವಳು ಕಟ್ಟಿಕೊಟ್ಟ ಡಬ್ಬಿ ಹೊತ್ತವನು ಒಂದು ಬೆಳಿಗ್ಗೆ, "ಇನ್ಮೇಲೆ ನೀನು ಐದಕ್ಕೇ ಏಳ್ಬೇಡ ಕಣೆ, ಅಂಗಡಿ ಪಕ್ಕದ ಹೋಟೆಲಲ್ಲೇ ತಿಂತೀನಿ" ಎಂದುಬಿಟ್ಟ. ಇಪ್ಪತ್ತೆರಡು ವರ್ಷ ಹೊಳೆಯದ ದಯೆ ಒಂದೇ ರಾತ್ರಿಯಲ್ಲಿ ಹೊಳೆದರೆ ಯಾವ ಹೆಂಡತಿಯ ಎದೆ ಧಸಕ್ಕೆನ್ನುವುದಿಲ್ಲ? ಟೈಲರಕ್ಕ ಅಭ್ಯಾಸಬಲದಿಂದ ಐದಕ್ಕೇ ಎದ್ದು, ಕೈಗೆ ಕೆಲಸವಿಲ್ಲದೆ, ಎರಡು ವಾರ ಅನುಮಾನಪಟ್ಟಳು. ಮೂರನೆಯ ವಾರ ಪತ್ತೇದಾರನನ್ನು ಗೊತ್ತುಮಾಡಿದಳು.

ಪತ್ತೇದಾರ ಎಂಬುದು ದೊಡ್ಡ ಮಾತು. ಬಾಡಿಗೆಗೆ ಬರುವವರ ಪೂರ್ವಾಪರ ಕೆದಕಿ ಮನೆ ಮಾಲೀಕರ ಕಿವಿಗೆ ಹಾಕುವ, ಕಡ್ಡಿಯಂತೆ ಬಡಕಲಾದ ಮನುಷ್ಯ. "ಅವರ ಎದುರು ಮೇಜಲ್ಲೇ ಕೂತ್ಕೋಪ್ಪ. ಏನು ತಿಂತಾರೆ, ಯಾರ ಜೊತೆ ತಿಂತಾರೆ, ಒಂದೂ ಬಿಡ್ಬೇಡ. ಖರ್ಚು ನನ್ನದು" ಎಂದಿದ್ದಳು.

ಅವನು ಕೆಲಸಕ್ಕಿಳಿದ ಮೂರನೆಯ ದಿನವೇ, ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಹೋಟೆಲಿನ ಬಿಲ್ಲು ಸಿಕ್ಕಿತು. ಊಟ ಎರಡು.

ಮರುವಾರ: ಊಟ ಎರಡು, ಹಣ್ಣಿನ ರಸ ಒಂದು. ಅದರ ಮರುವಾರ: ಊಟ ಎರಡು, ಕರಿದ ಮೀನು ಒಂದು, ಐಸ್‌ಕ್ರೀಂ ಒಂದು. ಗಂಡ ಮೀನು ಮುಟ್ಟುವವನಲ್ಲ. ಐಸ್‌ಕ್ರೀಂ ಕಂಡರೆ ಅವನ ಹಲ್ಲು ಜುಮ್ಮೆನ್ನುತ್ತದೆ. ಆ ಎರಡನೇ ಊಟದವಳು ಟೈಲರಕ್ಕನ ಕಣ್ಣಿಗೆ ಕಟ್ಟಿದಂತಾದಳು: ಮೊದಲು ನಾಚಿಕೊಂಡು ಅನ್ನ ಕೆದಕಿದವಳು, ಆಮೇಲೆ ಹಣ್ಣಿನ ರಸ ಹೀರಿದವಳು, ಈಗ ಲಜ್ಜೆಗೆಟ್ಟು ಮೀನಿಗೇ ಇಳಿದವಳು. ಮೀನಿನ ಮೇಲೆ ಐಸ್‌ಕ್ರೀಂ! ಸಿಟ್ಟಿನ ನಡುವೆಯೂ ಆ ಜೀರ್ಣಶಕ್ತಿಗೆ ಒಳಗೊಳಗೇ ಕೈಮುಗಿದಳು. ಒಂದು ತಿಂಗಳ ಆ ಊಟದ ದುಡ್ಡಿನಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಬಹುದಿತ್ತು.

ಪತ್ತೇದಾರ ಶನಿವಾರ ಶನಿವಾರ ಗಿರಾಕಿಯ ಸೋಗಿನಲ್ಲಿ ವರದಿ ಒಪ್ಪಿಸಲು ಬರುತ್ತಿದ್ದ. ಒಮ್ಮೆ ಅಂಗಿಗೆ ಗುಂಡಿ ಹಚ್ಚಿಸುವ ನೆಪ, ಒಮ್ಮೆ ಜೇಬು ಹೊಲಿಸುವ ನೆಪ. ನಿನ್ನೆ ಪ್ಯಾಂಟಿನ ಸೊಂಟ ಸಡಿಲ ಮಾಡಿಸುವ ನೆಪ. ಅವಳು ಕತ್ತರಿ ಆಡಿಸುತ್ತಲೇ ದನಿ ತಗ್ಗಿಸಿ ಕೇಳಿದ್ದಳು:

"ಈ ವಾರ?"

"ಒಬ್ಬರೇ ಅಕ್ಕಾ. ಅನ್ನ, ತರಕಾರಿ, ಮೊಸರು. ಜೊತೆಗೆ ಒಂದು ನರಪಿಳ್ಳೆ ಇಲ್ಲ."

"ನಿಜ ಹೇಳು."

"ನಿಮ್ಮ ಅನ್ನ ತಿಂದು ನಿಮಗೇ ಸುಳ್ಳು ಹೇಳ್ತೀನಾ ಅಕ್ಕಾ?"

"ಮತ್ತೆ ಆ ಮೀನು? ಐಸ್‌ಕ್ರೀಂ? ನನಗೇನೂ ತಿಳಿಯಲ್ಲ ಅಂದ್ಕೊಂಡ್ಯಾ?"

ಪತ್ತೇದಾರನ ಕಿವಿ ಕೆಂಪಾಯಿತು. ಪ್ಯಾಂಟು ಬಾಚಿಕೊಂಡು ಎದ್ದ. "ತಪ್ಪಾಯ್ತು ಅಕ್ಕಾ. ಇನ್ಮೇಲೆ ಹಾಗಾಗಲ್ಲ" ಎಂದವನೇ ಬಾಗಿಲು ದಾಟಿದ.

ಅಂದರೆ ಇವನಿಗೆ ಎಲ್ಲ ಗೊತ್ತು! ಕಂಡೂ ಮುಚ್ಚಿಟ್ಟಿದ್ದಾನೆ. ಗಂಡ ಇವನನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾನೆ!

ಈಗ ಟೈಲರಕ್ಕ ಟೇಪು ಸುತ್ತಿ ಬದಿಗಿಟ್ಟಳು. ಬಿಲ್ಲುಗಳನ್ನೆಲ್ಲ ತಂದು ಮಲಗಿದ್ದವನ ಎದೆಯ ಮೇಲೆ ಸಾಲಾಗಿ ಜೋಡಿಸಿದಳು.

"ಏಳ್ರೀ. ಬಟ್ಟೆ ಗಂಟು ಕಟ್ಟಿಟ್ಟಿದ್ದೀನಿ. ನಿಜ ಹೇಳಿದ್ರೆ ಬಿಚ್ಚಬೇಕೋ ಬೇಡ್ವೋ ಯೋಚನೆ ಮಾಡ್ತೀನಿ. ಸುಳ್ಳು ಹೇಳಿದ್ರೆ ಐದು ಗಂಟೆ ಬಸ್ಸಿಗೆ ತಂಗಿ ಮನೆ. ಯಾರದು ಈ ಎರಡನೇ ಊಟ?"

ಗಂಡ ದಡಬಡಿಸಿ ಎದ್ದು ಕೂತ. ಬಿಲ್ಲುಗಳು ಹಾಸಿಗೆಯ ತುಂಬ ಚೆಲ್ಲಿದವು. ಸಿಕ್ಕಿಬಿದ್ದ ಕಳ್ಳನ ಹಾಗೆ ತಲೆ ಕೆರೆದುಕೊಂಡ.

"ಬೈಬೇಡ ಕಣೆ. ಕನಿಕರದಿಂದ ಶುರುವಾಯ್ತು."

"ಎಲ್ಲಾ ಹಾಗೇ ಶುರುವಾಗೋದು!"

"ನಾನು ದಿನಾ ಎಷ್ಟು ಕಣ್ಣು ನೋಡ್ತೀನಿ ಹೇಳು? ಅಂಥ ಆಸೆ ತುಂಬಿದ ಕಣ್ಣು ನಾನು ನೋಡೇ ಇರ್ಲಿಲ್ಲ. ನಾನು ಬರೋದನ್ನೇ ಕಾಯ್ತಾ, ಬಾಗಿಲ ಕಡೆ ನೋಡ್ತಾ..."

ಟೈಲರಕ್ಕ ಗಂಟಿನ ಕಡೆ ಕೈ ಚಾಚಿದಳು. "ಹೆಸರೇನು ಅವಳದು?"

"ಅವಳದಾ?" ಗಂಡ ಎರಡೂ ಕಣ್ಣು ಅಗಲಿಸಿದ. "ಗಂಡಸು ಕಣೆ! ಎರಡು ದಿನ ಎದುರಿಗೆ ಬರೀ ಟೀ ಕುಡ್ಕೊಂಡು ಕೂತಿದ್ದ, ಸಂಕಟ ಆಗಿ ಹೋಟೆಲಿನವರಿಗೆ ಗುಟ್ಟಾಗಿ ಹೇಳ್ದೆ, ಅವನಿಗೆ ಬೇಕಾದ್ದು ಕೊಡಿ, ದುಡ್ಡು ನಾನು ಕೊಡ್ತೀನಿ ಅಂತ. ಪಾಪ, ನಾನು ತಿನ್ನೋದನ್ನೆಲ್ಲ ತುತ್ತುತುತ್ತೂ ನೋಡಿ ಒಂದು ಚಿಕ್ಕ ಪುಸ್ತಕದಲ್ಲಿ ಬರ್ಕೋತಾನೆ ಕಣೆ, ಅದೆಂಥ ಹಸಿವು ಇರ್ಬೇಕು ನೋಡು!"