ಎರವಲು ತೊಟ್ಟಿ

ಪ್ರತಿ ಮನೆಯೂ ಉಸಿರಾಡುವ ಗಾಳಿಯನ್ನು ತನ್ನ ಮೀನಿನ ತೊಟ್ಟಿಯ ಗಿಡಗಳಿಂದಲೇ ಪಡೆಯಬೇಕಾಗಿದ್ದ ಕಾಲವದು. ಗಿಡ ಸೊರಗಿದರೆ ಮನೆಗೆ ಬೀಗ. ಅಂಬುಜಾಕ್ಷಿಯೋ, ಬೇಗ ಬೆಳೆಯಲೆಂದು ತಿಂಗಳ ಗೊಬ್ಬರವನ್ನೆಲ್ಲ ಒಂದೇ ದಿನ ನೀರಿಗೆ ಸುರಿದು ತೊಟ್ಟಿಯ ತುಂಬ ಪಾಚಿ ಬೆಳೆಸಿಕೊಂಡಿದ್ದಳು. ತಪಾಸಣೆಯ ದಿನ, ಹೆಣ್ಣು ನೋಡಲು ಬಂದಾಗ ಸರ ಎರವಲು ತರುವ ಹಾಗೆ, ಪಕ್ಕದ ಮನೆಯ ಹಚ್ಚಹಸಿರು ತೊಟ್ಟಿಯನ್ನೇ ತಳ್ಳುಗಾಡಿಯಲ್ಲಿ ತಂದಿಟ್ಟಳು.

ತಪಾಸಣೆಯ ಚನ್ನವೀರಯ್ಯ ನೀರಿನಲ್ಲಿ ಗೊಬ್ಬರದ ಮಟ್ಟ ಅಳೆದು ತಲೆದೂಗಿದ. ಆಮೇಲೆ ಗಾಜಿಗೆ ಅಂಟಿದ್ದ, ಚಿಪ್ಪು ಬಿರುಕುಬಿಟ್ಟ ಬಸವನಹುಳುವನ್ನೇ ದಿಟ್ಟಿಸಿದ.

“ಅಮ್ಮಾ, ಬೆಳಿಗ್ಗೆಯಿಂದ ಈ ಹುಳಾನ ಮೂರನೇ ಮನೇಲಿ ನೋಡ್ತಿದೀನಿ.”

ಆತ ಚೀಟಿಗೆ ಪಾಸ್ ಮುದ್ರೆ ಒತ್ತಿ, ಬಾಗಿಲತ್ತ ನೋಡಿ, ದನಿ ತಗ್ಗಿಸಿದ.

“ನಾಳೆ ನಮ್ಮನೆ ತಪಾಸಣೆ. ಹತ್ತು ಗಂಟೆಗೆ ಈ ತೊಟ್ಟೀನ ಬೇರೆ ಯಾರೂ ಕೇಳಿಲ್ಲ ತಾನೆ?”