ಅಳದ ಮಕ್ಕಳು

ಮೂಗಿಗೆ ಹತ್ತಿಕಡ್ಡಿ ಹಾಕಿ ಸ್ಯಾಂಪಲ್ ತೆಗೆಯುವಾಗ ಅಳದ ಕೂಸಿಲ್ಲ. ಜಲಜಾಕ್ಷಿ ಸಿಸ್ಟರ್ ತೆಗೆದರೆ ಮಾತ್ರ ಅಳುತ್ತಿರಲಿಲ್ಲ. ಮಾಸ್ಕ್ ಕಂಡರೆ ಮಕ್ಕಳು ಬೆಚ್ಚುತ್ತವೆಂದು ಆಕೆ ಅದನ್ನು ಗದ್ದಕ್ಕಿಳಿಸಿ, ಹತ್ತಿರ ಬಾಗಿ, ಮುಖಕ್ಕೆ ಮೆಲ್ಲಗೆ ಊದುತ್ತಿದ್ದಳು. ಮಗು ನಗುವಷ್ಟರಲ್ಲಿ ಕಡ್ಡಿ ಒಳಗೆ ಹೋಗಿ ಬಂದಿರುತ್ತಿತ್ತು.

ಒಂದೇ ದಿನ ಲಸಿಕೆಗೆ ಬಂದು, ವೈರಸ್ ಅಧ್ಯಯನಕ್ಕೆಂದು ಆಕೆಯ ಬಳಿ ಸ್ಯಾಂಪಲ್ ಕೊಟ್ಟುಹೋಗಿದ್ದ ಐದು ಕೂಸುಗಳು ವಾರದೊಳಗೆ ಏದುಸಿರು ಬಿಡುತ್ತಾ ಆಸ್ಪತ್ರೆಗೆ ವಾಪಸು ಬಂದವು. ಅವುಗಳಲ್ಲಿ ಒಂದು ಉಳಿಯಲಿಲ್ಲ.

ಲ್ಯಾಬಿನ ಡಾಕ್ಟರು ಆಕೆಯನ್ನು ಕರೆಸಿದರು.

“ಊರಲ್ಲಿ ಈ ವೈರಸ್ಸಿನ ಹತ್ತಾರು ತಳಿ ಓಡಾಡ್ತಿವೆ, ಸಿಸ್ಟರ್. ಆದ್ರೆ ಈ ಐದೂ ಮಕ್ಕಳಲ್ಲಿ ಇರೋದು ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.”

“ಅಂದ್ರೆ, ಸರ್?”

“ಒಬ್ಬರಿಂದಲೇ ಬಂದಿದೆ. ನೀವು ಮೊದಲು ತೆಗೆದ ಸ್ಯಾಂಪಲ್‌ಗಳಲ್ಲಿ ಏನೂ ಇರಲಿಲ್ಲ. ಅಂದ್ರೆ ಆ ದಿನ ಇಲ್ಲೇ ಅಂಟಿರಬೇಕು. ದೊಡ್ಡವರಿಗೆ ಇದು ಬರೀ ನೆಗಡಿಯಾಗಿ ಹೋಗುತ್ತೆ. ತಾಯಂದಿರಲ್ಲಿ ಯಾರಿಗಾದ್ರೂ ನೆಗಡಿ ಇತ್ತಾ?”

“ತಾಯಂದಿರಿಗೆ ಇರಲಿಲ್ಲ, ಸರ್,” ಎಂದು ಆಕೆ ಮೂಗು ಒರೆಸಿಕೊಂಡಳು.

ಆಕೆ ಹೊರಗೆ ಬಂದಾಗ ಬೆಂಚಿನ ಮೇಲೆ ಕಾಯುತ್ತಿದ್ದ ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ಎದುರಿಗೆ ಬಂದಳು.

“ಸಿಸ್ಟರ್, ನಮ್ಮ ಪಾಪೂಗೂ ನೀವೇ ತೆಗೀರಿ. ನಿಮ್ಮ ಮುಖ ನೋಡಿದ್ರೆ ಮಕ್ಕಳು ಅಳೋದೇ ಇಲ್ವಂತೆ.”

ಜಲಜಾಕ್ಷಿ ಎರಡು ಹೆಜ್ಜೆ ಹಿಂದೆ ಸರಿದು, ಗದ್ದದ ಮೇಲಿದ್ದ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡಳು.

ಮಗು ಅಳತೊಡಗಿತು.